ಸೀಸದ ಗುಂಡು, ಕೋವಿಯ ನಳಿಗೆ ಮತ್ತು ಒಂದು ಚೂರು ಜಿಡ್ಡು

ಮಲೆನಾಡು, ಕರಾವಳಿ ಕಡೆ ಬೆಳೆದವರಿಗೆ ಪೆಟ್ಲು ಗೊತ್ತು. ಗೇಣುದ್ದದ ಬಿದಿರಿನ ಕೊಳವೆ, ಅದರೊಳಗೆ ಹೋಗುವ ಒಂದು ಕಡ್ಡಿ, ಗಿಡದಿಂದ ಕಿತ್ತ ಹಸಿ ಕಾಯಿಗಳು. ಒಂದು ಕಾಯಿಯನ್ನು ಕೊಳವೆಯ ತುದಿವರೆಗೆ ತಳ್ಳಿ, ಹಿಂದಿನಿಂದ ಇನ್ನೊಂದು ಕಾಯಿ ಇಟ್ಟು ಕಡ್ಡಿಯಿಂದ ನೂಕಿದರೆ ಮುಂದಿನ ಕಾಯಿ ಟಪ್ ಎಂದು ಹಾರುತ್ತದೆ. ಕಾಯಿ ಸಣ್ಣದಾದರೆ ಗಾಳಿ ಪಕ್ಕದಿಂದ ಸೋರಿ ಪುಸ್ ಎನ್ನುತ್ತದೆ. ದೊಡ್ಡದಾದರೆ ಒಳಗೇ ಸಿಕ್ಕಿಕೊಳ್ಳುತ್ತದೆ. ಬಲಿತ ಕಾಯಿ ಕೂರುವುದಿಲ್ಲ, ತೀರ ಎಳೆಯದು ಒಳಗೇ ಜಜ್ಜಿಹೋಗಿ ಕೊಳವೆಗೆ ಮೆತ್ತಿಕೊಳ್ಳುತ್ತದೆ. ಸರಿಯಾದ ಕಾಯಿ ಆರಿಸುವುದರಲ್ಲೇ ಆಟ.

ಈ ಸಲ ನಾವು ಬರೆಯುತ್ತಿರುವುದು ಸೀಸದ ಗುಂಡಿನ ಇತಿಹಾಸ. ಯಾವ ರಾಜ ಯಾರನ್ನು ಗೆದ್ದ ಎಂಬ ಕತೆ ಅಲ್ಲ, ಕೋವಿಯ ನಳಿಗೆಯ ಒಳಗೆ ನಡೆದ ಕತೆ. ಸುಮಾರು 500 ವರ್ಷಗಳಿಂದ ಅಲ್ಲಿ ಜನ ತಲೆ ಕೆಡಿಸಿಕೊಂಡದ್ದು ಎರಡು ವಿಷಯಕ್ಕೆ. ಗುಂಡು ನೆಟ್ಟಗೆ ಗುರಿಗೆ ಹೋಗಬೇಕು. ಹೋಗುವಾಗ ನಳಿಗೆಯೊಳಗೆ ಸೀಸ ಮೆತ್ತಿಕೊಳ್ಳಬಾರದು. ಪೆಟ್ಲು ಆಡುವ ಮಕ್ಕಳ ತಲೆನೋವೂ ಇದೇ ಅಲ್ಲವೇ?

ಸಣ್ಣ ವಿಷಯ ಅನ್ನಿಸಬಹುದು. ಆದರೆ ಇದೇ ಸಣ್ಣ ವಿಷಯಕ್ಕಾಗಿ ಹಚ್ಚಿದ ಒಂದು ಚೂರು ಜಿಡ್ಡು 1857ರಲ್ಲಿ ಒಂದು ಸಾಮ್ರಾಜ್ಯವನ್ನೇ ಅಲ್ಲಾಡಿಸಿತು.

ಸೀಸವೇ ಯಾಕೆ?

ಕಾರಣ ಸರಳ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಬ್ಬಿಣ ಕರಗಿಸಲು ದೊಡ್ಡ ಕುಲುಮೆ ಬೇಕು, ಸೀಸಕ್ಕೆ ಸೌದೆ ಒಲೆ ಸಾಕು. ಇಕ್ಕಳದಂಥ ಅಚ್ಚಿಗೆ ಹೊಯ್ದರೆ ನಿಮಿಷದೊಳಗೆ ಗುಂಡು ತಯಾರು. ಹಳೆಯ ಕಾಲದ ಸೈನಿಕರು, ಬೇಟೆಗಾರರು ಡೇರೆಯ ಮುಂದೆ ಕೂತು ತಮ್ಮ ಗುಂಡು ತಾವೇ ಎರಕ ಹೊಯ್ದುಕೊಳ್ಳುತ್ತಿದ್ದರು. ಸೀಸ ನೀರಿಗಿಂತ 11 ಪಟ್ಟು ಭಾರ. ಅದರಿಂದ ಗಾತ್ರ ಚಿಕ್ಕದಾದರೂ ಪೆಟ್ಟು ದೊಡ್ಡದು, ಗಾಳಿಯಲ್ಲಿ ವೇಗ ಬೇಗ ಕುಂದುವುದಿಲ್ಲ.

ಇನ್ನೊಂದು ಗುಣ ಅದರ ಮೆತ್ತಗಿನ ಸ್ವಭಾವ. ಉಗುರಿನಿಂದ ಗೀರಿದರೂ ಗೆರೆ ಬೀಳುತ್ತದೆ. ಆದ್ದರಿಂದ ಅದು ಕಬ್ಬಿಣದ ನಳಿಗೆಯನ್ನು ಸವೆಸುವುದಿಲ್ಲ. ಆದರೆ ಇದೇ ಗುಣ ಅದರ ದೋಷವೂ ಹೌದು. ಮೆತ್ತಗಿರುವುದು ಉಜ್ಜಿದರೆ ಮೆತ್ತಿಕೊಳ್ಳುತ್ತದೆ.

ನುಣುಪು ನಳಿಗೆ, ಗೀರು ನಳಿಗೆ

ಹಳೆಯ ಬಂದೂಕುಗಳ ನಳಿಗೆ ಒಳಗೆ ನುಣುಪಾಗಿತ್ತು. 18ನೇ ಶತಮಾನದ ಬ್ರಿಟಿಷ್ ಸೈನಿಕರ ಬ್ರೌನ್ ಬೆಸ್ ಬಂದೂಕಿನ ನಳಿಗೆಯ ಅಗಲ ಸುಮಾರು 19 ಮಿಲಿಮೀಟರ್. ಅದಕ್ಕೆ ಹಾಕುವ ಗುಂಡು ಸುಮಾರು ಒಂದೂವರೆ ಮಿಲಿಮೀಟರ್ ಸಣ್ಣದು. ಬೇಕಂತಲೇ ಸಣ್ಣದು ಮಾಡುತ್ತಿದ್ದರು. ಕರಿಮದ್ದು ಸುಟ್ಟರೆ ಮಸಿ ಕಟ್ಟುತ್ತದೆ, ನಾಲ್ಕಾರು ಹೊಡೆತದ ನಂತರ ಬಿಗಿಯಾದ ಗುಂಡು ಒಳಗೆ ಇಳಿಯುವುದೇ ಇಲ್ಲ. ಯುದ್ಧದ ನಡುವೆ ನಳಿಗೆ ತೊಳೆಯಲು ಯಾರಿಗೆ ಪುರುಸೊತ್ತು?

ಸಡಿಲ ಗುಂಡು ನಳಿಗೆಯ ಈ ಗೋಡೆಗೆ ಆ ಗೋಡೆಗೆ ಬಡಿಯುತ್ತ ಹೊರಬರುತ್ತದೆ. ಕೊನೆಗೆ ಯಾವ ಗೋಡೆಗೆ ತಾಗಿತೋ ಅದರ ಎದುರು ದಿಕ್ಕಿಗೆ ಹೋಗುತ್ತದೆ. ಆದ್ದರಿಂದ 100 ಗಜ ದಾಟಿದ ಮೇಲೆ ಒಬ್ಬ ಮನುಷ್ಯನನ್ನು ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತಾಗಿತ್ತು. ಸೈನಿಕರನ್ನು ಸಾಲಾಗಿ ನಿಲ್ಲಿಸಿ ಒಟ್ಟಿಗೇ ಹೊಡೆಸುತ್ತಿದ್ದದ್ದು ಅದಕ್ಕೇ.

ಇದಕ್ಕೆ ಉಪಾಯ ಆಗಲೇ ಹುಟ್ಟಿತ್ತು. ಸುಮಾರು 1500ರ ಹೊತ್ತಿಗೆ ಜರ್ಮನ್ ಸೀಮೆಯ ಕೋವಿಗಾರರು ನಳಿಗೆಯ ಒಳಗೆ ಸುರುಳಿಯಾಕಾರದ ಗೀರುಗಳನ್ನು ಕೊರೆದರು. ಗೀರು ಹಿಡಿದು ಬಂದ ಗುಂಡು ಬುಗುರಿಯಂತೆ ತಿರುಗುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವ ಹಾಗೆ ತಿರುಗುವ ಗುಂಡೂ ದಾರಿ ತಪ್ಪುವುದಿಲ್ಲ. ಇಂಥ ಗೀರುಳ್ಳ ಕೋವಿಯೇ ರೈಫಲ್.

ಆದರೆ ಗುಂಡು ಗೀರು ಹಿಡಿಯಬೇಕಾದರೆ ಬಿಗಿಯಾಗಿ ಕೂರಬೇಕು. ಬಾಯಿಯಿಂದ ತುಂಬುವ ಕೋವಿಯಲ್ಲಿ ಬಿಗಿ ಗುಂಡನ್ನು ಸುತ್ತಿಗೆಯಿಂದ ಬಡಿದು ಇಳಿಸಬೇಕು. ಬಡಿದರೆ ಗುಂಡಿನ ಆಕಾರ ಕೆಡುತ್ತದೆ. ಇದಕ್ಕೆ ಸಿಕ್ಕ ದಾರಿ ಬಟ್ಟೆ. ಸ್ವಲ್ಪ ಸಣ್ಣ ಗುಂಡನ್ನು ಜಿಡ್ಡು ಹಚ್ಚಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ಇಳಿಸುವುದು. ಬಟ್ಟೆ ಗೀರು ಹಿಡಿಯುತ್ತದೆ, ಗುಂಡನ್ನೂ ತಿರುಗಿಸುತ್ತದೆ, ಸೀಸ ಕಬ್ಬಿಣಕ್ಕೆ ತಾಗುವುದೇ ಇಲ್ಲ. ಅಮೆರಿಕಕ್ಕೆ ವಲಸೆ ಹೋದ ಜರ್ಮನ್ ಕೋವಿಗಾರರು ಪೆನ್ಸಿಲ್ವೇನಿಯಾದಲ್ಲಿ ಮಾಡಿದ ಉದ್ದ ರೈಫಲ್‌ಗಳು ಹೆಸರಾದದ್ದು ಹೀಗೆ. ಒಂದೇ ಕೊರತೆ, ನಿಧಾನ. ನುಣುಪು ಬಂದೂಕಿನವನು ನಿಮಿಷಕ್ಕೆ ಮೂರು ಸಲ ಹೊಡೆಯುವಷ್ಟರಲ್ಲಿ ಇವನು ಒಂದು ಸಲ ಹೊಡೆಯುತ್ತಿದ್ದ.

ನಳಿಗೆಗೆ ಸೀಸ ಹಿಡಿದರೆ ಏನಾಗುತ್ತದೆ?

ಮುಂದೆ ಹೋಗುವ ಮೊದಲು ಇದನ್ನು ಅರ್ಥ ಮಾಡಿಕೊಳ್ಳೋಣ. ಮದ್ದು ಸುಟ್ಟಾಗ ಹುಟ್ಟುವ ಅನಿಲಕ್ಕೆ ವಿಪರೀತ ಬಿಸಿ, ವಿಪರೀತ ಒತ್ತಡ. ಗುಂಡು ಮತ್ತು ನಳಿಗೆಯ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಅದು ಅಲ್ಲಿಂದ ನುಗ್ಗುತ್ತದೆ. ನುಗ್ಗುವಾಗ ಗುಂಡಿನ ಪಕ್ಕವನ್ನು ಸುಟ್ಟು, ಕೊರೆದು, ಆ ಸೀಸವನ್ನು ನಳಿಗೆಯ ಗೋಡೆಗೆ ಬಳಿಯುತ್ತದೆ. ಮುಂದಿನ ಗುಂಡು ಆ ಪದರದ ಮೇಲೆ ಹೋಗಿ ಇನ್ನಷ್ಟು ಸೀಸ ಬಿಟ್ಟು ಬರುತ್ತದೆ. ಗೀರುಗಳು ತುಂಬುತ್ತವೆ, ಗುಂಡಿಗೆ ಹಿಡಿತ ಸಿಗುವುದಿಲ್ಲ. ಮೊದಲ ಐದು ಗುಂಡು ಒಂದೇ ಕಡೆ ಬಿದ್ದದ್ದು, ಇಪ್ಪತ್ತನೆಯದು ಎತ್ತಲೋ ಹೋಗುತ್ತದೆ.

ಬೋರ್‌ವೆಲ್ ಕೈಪಂಪಿನ ವಾಷರ್ ಸವೆದರೆ ಎಷ್ಟು ಒತ್ತಿದರೂ ನೀರು ಬರುವುದಿಲ್ಲವಲ್ಲ, ಅದೇ ಲೆಕ್ಕ. ಗುಂಡು ಬರೀ ಗುಂಡಲ್ಲ, ಅದು ನಳಿಗೆಯ ವಾಷರ್ ಕೂಡ.

ಬಾಣದ ಬುಡದ ಬೆಂಡು

ಸುಲಭವಾಗಿ ಇಳಿಯಬೇಕು, ಹೊಡೆಯುವಾಗ ಬಿಗಿಯಾಗಬೇಕು. ಒಂದೇ ಗುಂಡು ಎರಡನ್ನೂ ಮಾಡುವುದು ಹೇಗೆ? ಇದಕ್ಕೆ ಉತ್ತರ ನಮ್ಮ ದಕ್ಷಿಣ ಭಾರತದಿಂದ ಹೋಯಿತು ಎಂಬ ಕತೆಯೊಂದಿದೆ. ಕ್ಯಾಪ್ಟನ್ ಜಾನ್ ನಾರ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಇಲ್ಲಿ ಸೇವೆಯಲ್ಲಿದ್ದಾಗ ಸ್ಥಳೀಯರು ಕೊಳವೆಯಲ್ಲಿ ಬಾಣ ಇಟ್ಟು ಊದಿ ಹೊಡೆಯುವುದನ್ನು ನೋಡಿದನಂತೆ. ಬಾಣದ ಬುಡಕ್ಕೆ ತಾವರೆ ದಂಟಿನ ಬೆಂಡು ಕಟ್ಟಿತ್ತು. ಊದಿದಾಗ ಬೆಂಡು ಉಬ್ಬಿ ಕೊಳವೆಗೆ ಬಿಗಿಯಾಗುತ್ತಿತ್ತು, ಉಸಿರು ಸೋರುತ್ತಿರಲಿಲ್ಲ. ಅದನ್ನು ನೋಡಿಯೇ ಅವನು 1823ರ ಸುಮಾರಿಗೆ ಬುಡ ಟೊಳ್ಳಾದ, ಉದ್ದನೆಯ ಗುಂಡೊಂದನ್ನು ರೂಪಿಸಿದ ಎನ್ನುತ್ತಾರೆ. ಕತೆಯ ವಿವರ ಹೇಗೇ ಇರಲಿ, ಬುಡ ಉಬ್ಬುವ ಗುಂಡಿನ ಆಲೋಚನೆಗೆ ಮೊದಲಿಗರಲ್ಲಿ ನಾರ್ಟನ್ ಒಬ್ಬ. ಬ್ರಿಟಿಷ್ ಸರ್ಕಾರ ಅದನ್ನು ಒಪ್ಪಲಿಲ್ಲ. ನಂತರ ವಿಲಿಯಂ ಗ್ರೀನರ್ ಎಂಬ ಕೋವಿಗಾರ ಇಂಥದ್ದೇ ಗುಂಡು ತಂದ, ಅವನದ್ದೂ ತಿರಸ್ಕಾರವಾಯಿತು.

1840ರ ದಶಕದ ಕೊನೆಗೆ ಫ್ರೆಂಚ್ ಅಧಿಕಾರಿ ಕ್ಲೋಡ್ ಎಟಿಯೆನ್ ಮಿನಿಯೆ ಅದೇ ತತ್ವದ ಗುಂಡು ಮಾಡಿದಾಗ ಜಗತ್ತು ಕಣ್ಣು ತೆರೆಯಿತು. ಟೊಳ್ಳು ಬುಡದಲ್ಲಿ ಒಂದು ಕಬ್ಬಿಣದ ಬಟ್ಟಲು. ಮದ್ದು ಸಿಡಿದಾಗ ಬಟ್ಟಲು ಮುಂದೆ ನುಗ್ಗಿ ಸೀಸದ ಬುಡವನ್ನು ಅಗಲಿಸುತ್ತಿತ್ತು. ಬ್ರಿಟಿಷ್ ಸರ್ಕಾರ ಮಿನಿಯೆಗೆ 20,000 ಪೌಂಡ್ ಕೊಟ್ಟಿತು. ಗ್ರೀನರ್ ಬಹಳ ಜಗಳವಾಡಿದ ಮೇಲೆ 1857ರಲ್ಲಿ ಅವನಿಗೆ 1,000 ಪೌಂಡ್ ಸಿಕ್ಕಿತು. ಯಾರ ಮಾತಿಗೆ ಯಾವಾಗ ಕಿವಿ ಸಿಗುತ್ತದೆ ಎನ್ನುವುದು ಆಗಲೂ ಹೀಗೇ ಇತ್ತು.

1857: ಆ ಜಿಡ್ಡು ಯಾವುದರದ್ದು?

ಈ ತತ್ವದ ಮೇಲೆಯೇ ಬ್ರಿಟಿಷರ 1853ರ ಎನ್‌ಫೀಲ್ಡ್ ರೈಫಲ್ ಬಂತು. ನಳಿಗೆಯ ಅಗಲ 0.577 ಇಂಚು, ಗುಂಡು 0.568 ಇಂಚು. ನಡುವೆ ಕಾಲು ಮಿಲಿಮೀಟರ್‌ಗಿಂತ ಕಡಿಮೆ ಸಂದು. ಗುಂಡಿನ ಪಕ್ಕ ನುಣುಪಾಗಿತ್ತು, ಸುತ್ತ ತೆಳು ಕಾಗದ. ಮದ್ದು ಮತ್ತು ಗುಂಡು ಎರಡೂ ಒಂದೇ ಕಾಗದದ ತೋಟಾದೊಳಗೆ. ಗುಂಡು ಇರುವ ತುದಿಯನ್ನು ಜಿಡ್ಡಿನಲ್ಲಿ ಅದ್ದುತ್ತಿದ್ದರು. ಜಿಡ್ಡು ಬೇಕೇ ಬೇಕು. ಇಲ್ಲವಾದರೆ ಮಸಿ ಗಟ್ಟಿಯಾಗುತ್ತದೆ, ಸೀಸ ಮೆತ್ತುತ್ತದೆ, ಗುಂಡು ಇಳಿಯುವುದಿಲ್ಲ.

ತೋಟಾದ ಮದ್ದಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದು ಸುರಿದು, ಗುಂಡು ಇಳಿಸಬೇಕು ಎಂಬುದು ಕವಾಯತಿನ ಕ್ರಮ. ಕಚ್ಚುವ ತುದಿ ಒಂದು, ಜಿಡ್ಡಿನ ತುದಿ ಇನ್ನೊಂದು ಎಂದು ಕಚೇರಿಯಲ್ಲಿ ಕೂತು ಹೇಳಬಹುದು. ಆದರೆ ಕಾಗದ ಒಂದೇ, ಹಿಡಿಯುವ ಕೈ ಒಂದೇ.

1857ರ ಜನವರಿ. ಕಲ್ಕತ್ತಾ ಹತ್ತಿರದ ದಮ್‌ದಮ್‌ನಲ್ಲಿ ಸಿಪಾಯಿಗಳಿಗೆ ಹೊಸ ರೈಫಲ್‌ನ ತರಬೇತಿ ನಡೆಯುತ್ತಿತ್ತು. ಅಲ್ಲಿನ ಆಯುಧಾಗಾರದ ಕೂಲಿಯಾಳೊಬ್ಬ ಒಬ್ಬ ಬ್ರಾಹ್ಮಣ ಸಿಪಾಯಿಯ ತಂಬಿಗೆಯಿಂದ ನೀರು ಕೇಳಿದ. ಸಿಪಾಯಿ ಜಾತಿಯ ಕಾರಣ ಹೇಳಿ ಕೊಡಲಿಲ್ಲ. ಹಸು, ಹಂದಿಯ ಕೊಬ್ಬು ಹಚ್ಚಿದ ತೋಟಾ ಕಚ್ಚುವ ದಿನ ಬಂದಿದೆ, ಇನ್ನು ನಿನ್ನ ಜಾತಿ ಎಲ್ಲಿ ಉಳಿಯುತ್ತದೆ ಎಂದು ಕೂಲಿಯಾಳು ತಿರುಗಿಸಿ ಕೊಟ್ಟ. ಸುದ್ದಿ ಕಾಡ್ಗಿಚ್ಚಿನಂತೆ ಹರಡಿತು.

ಅಧಿಕಾರಿಗಳು ವಿಚಾರಿಸಿದರು. ಜಿಡ್ಡಿನಲ್ಲಿ ಪ್ರಾಣಿಯ ಕೊಬ್ಬು ಇದ್ದದ್ದು ನಿಜ. ಅದು ಯಾವ ಪ್ರಾಣಿಯದ್ದು ಎಂದು ನೋಡಿಕೊಳ್ಳುವ ಎಚ್ಚರವನ್ನು ಯಾರೂ ವಹಿಸಿರಲಿಲ್ಲ. ಗುತ್ತಿಗೆದಾರ ತಂದುಕೊಟ್ಟದ್ದನ್ನು ಬಳಸಿದ್ದರು. ಹಾಗಾದರೆ ಏನು ಮಾಡೋಣ ಎಂದು ಕೇಳಿದಾಗ ಸಿಪಾಯಿಗಳೇ ದಾರಿ ಹೇಳಿದರು: ಮೇಣ ಮತ್ತು ಎಣ್ಣೆ ಬಳಸಿ.

ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜನವರಿ ಕೊನೆಗೆ ಸರ್ಕಾರ ಸಿಪಾಯಿಗಳೇ ತಮಗೆ ಬೇಕಾದ ಜಿಡ್ಡು ಹಚ್ಚಿಕೊಳ್ಳಬಹುದು ಎಂದಿತು. ಮುಂದೆ ಹಲ್ಲಿನ ಬದಲು ಕೈಯಿಂದ ಹರಿಯಲೂ ಒಪ್ಪಿತು. ಆದರೆ ಆಗಲೇ ನಂಬಿಕೆ ಮುರಿದಿತ್ತು. ಜಮೀನು, ಸಂಬಳ, ರಾಜ್ಯಗಳನ್ನು ನುಂಗಿದ ಸಿಟ್ಟು ಎಲ್ಲ ಮೊದಲೇ ಒಟ್ಟಾಗಿತ್ತು. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ಬಂದೂಕು ಎತ್ತಿದ. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಮಂದಿ ತೋಟಾ ಮುಟ್ಟಲಿಲ್ಲ. ಅವರಿಗೆ ಕೊಡಲು ಬಂದದ್ದು ಎನ್‌ಫೀಲ್ಡ್‌ನ ಹೊಸ ತೋಟಾ ಅಲ್ಲ, ಅವರು ಮೊದಲಿಂದ ಬಳಸುತ್ತಿದ್ದ ಹಳೆಯ ಬಗೆಯದ್ದು. ಆದರೂ ಮುಟ್ಟಲಿಲ್ಲ. ಮೇ 9ರಂದು ಅವರಿಗೆ ಎಲ್ಲರೆದುರು ಬೇಡಿ ತೊಡಿಸಿದರು. ಮೇ 10ರಂದು ಮೀರತ್ ಎದ್ದಿತು.

ಆ ಬೆಂಕಿ ನಮ್ಮ ನಾಡಿಗೂ ಬಂತು, ಬೇರೆ ದಾರಿಯಲ್ಲಿ. ಅದೇ ವರ್ಷ ಸರ್ಕಾರ ಜನರಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಿತು. ಮುಧೋಳದ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ಸೈನ್ಯ ಊರಿಗೆ ನುಗ್ಗಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಆ ಕತೆ ಲಾವಣಿಯಾಗಿ ಇಂದಿಗೂ ಉಳಿದಿದೆ. ಅತ್ತ ಕೊಡಗಿನಲ್ಲಿ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದೇ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಇಂದಿಗೂ ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಒಂದೇ ಕಾಯ್ದೆ, ಒಂದೂರಿಗೆ ಗಲ್ಲು, ಇನ್ನೊಂದು ನಾಡಿಗೆ ವಿನಾಯಿತಿ.

ಇನ್ನು ಜಿಡ್ಡಿನ ಕತೆ. ಪ್ರಾಣಿಯ ಕೊಬ್ಬು ಸುಮಾರು 45 ಡಿಗ್ರಿಗೆ ಕರಗುತ್ತದೆ. ಉತ್ತರ ಭಾರತದ ಬೇಸಿಗೆಗೆ ಅಷ್ಟು ಬಿಸಿ ದೊಡ್ಡದಲ್ಲ. ಕೊಬ್ಬು ಕರಗಿ ಕಾಗದಕ್ಕೆ ಇಳಿದುಹೋದರೆ ಗುಂಡಿನ ಮೇಲೆ ಏನೂ ಉಳಿಯುವುದಿಲ್ಲ. ಜೇನುಮೇಣ ಕರಗಲು 60 ಡಿಗ್ರಿ ದಾಟಬೇಕು. ದಂಗೆ ಮುಗಿದ ಮೇಲೆ ಬ್ರಿಟಿಷರು ಗುಂಡನ್ನು ಇನ್ನಷ್ಟು ಸಣ್ಣದು ಮಾಡಿದರು, ಕೊಬ್ಬು ಇಳಿಸಿ ಜೇನುಮೇಣ ಏರಿಸಿದರು. ಸಿಪಾಯಿಗಳು ಮೇಣ ಎಂದದ್ದು ಧರ್ಮದ ಕಾರಣಕ್ಕೆ. ಆದರೆ ಅದು ಕೆಲಸಕ್ಕೂ ಸರಿಯಾದ ಮಾತಾಗಿತ್ತು.

ಮುಂಗೇರ್‌ನಿಂದ ಮರಳಿದ ಎಂಜಿನಿಯರ್

ದಂಗೆಯ ಹೊತ್ತಿಗೆ ಬಿಹಾರದ ಮುಂಗೇರ್‌ನಲ್ಲಿ ವಿಲಿಯಂ ಮೆಟ್‌ಫರ್ಡ್ ಎಂಬ ರೈಲ್ವೆ ಎಂಜಿನಿಯರ್ ಇದ್ದ. ಊರಿನ ರಕ್ಷಣೆಗೆ ದುಡಿದು, ಆರೋಗ್ಯ ಕೆಟ್ಟು, 1858ರಲ್ಲಿ ಇಂಗ್ಲೆಂಡಿಗೆ ಮರಳಿದ. ಅವನಿಗೆ ಮೊದಲಿಂದಲೂ ಗುಂಡಿನ ಹುಚ್ಚು. ಮುಂದೆ ಅವನು ಕಂಡುಕೊಂಡದ್ದು ಇದು: ಆಳವಾದ ಗೀರು ಬೇಡ, ತೆಳುವಾದ ಗೀರು ಸಾಕು. ಶುದ್ಧ ಸೀಸ ಬೇಡ, ಸ್ವಲ್ಪ ಗಟ್ಟಿ ಮಾಡಿದ ಸೀಸ ಇರಲಿ. ಮೇಲೆ ತೆಳು ಕಾಗದ ಸುತ್ತಿದರೆ ಸೀಸ ಉಕ್ಕಿಗೆ ತಾಗುವುದಿಲ್ಲ. ಆಳ ಗೀರು ಗುಂಡನ್ನು ಹರಿಯುತ್ತದೆ, ಹರಿದ ಕಡೆ ಸೀಸ ಉಳಿಯುತ್ತದೆ, ತೆಳು ಗೀರು ಹಾಗೆ ಮಾಡುವುದಿಲ್ಲ.

ಅದೇ ಕಾಲದಲ್ಲಿ ಜೋಸೆಫ್ ವಿಟ್‌ವರ್ತ್ ಕೂಡ ಇದಕ್ಕೇ ಕೈಹಾಕಿದ. ನಮ್ಮ ಲೇತ್ ಅಂಗಡಿಯವರಿಗೆ ಅವನ ಹೆಸರು ಗೊತ್ತು. ಬೋಲ್ಟು ನಟ್ಟಿನ ಮರೆ ಎಲ್ಲ ಕಡೆ ಒಂದೇ ಅಳತೆಯಲ್ಲಿ ಇರಬೇಕು ಎಂದು 1841ರಲ್ಲಿ ಹೇಳಿದವನು ಅವನೇ. ಅಳತೆಯ ಆ ಹಟವನ್ನು ಕೋವಿಗೂ ತಂದ. ಆರು ಮೂಲೆಯ ನಳಿಗೆ, ಅದಕ್ಕೆ ಸರಿಯಾಗಿ ಕೂರುವ ಆರು ಮೂಲೆಯ ಗುಂಡು. 1860ರಲ್ಲಿ ವಿಂಬಲ್ಡನ್‌ನ ಪಂದ್ಯವನ್ನು ವಿಕ್ಟೋರಿಯಾ ರಾಣಿ ಅವನ ರೈಫಲ್‌ನಿಂದಲೇ ಉದ್ಘಾಟಿಸಿದಳು. ರೈಫಲ್ಲನ್ನು ಮೊದಲೇ ಗುರಿಗೆ ಕಟ್ಟಿ ಇಟ್ಟಿದ್ದರು, ರಾಣಿ ದಾರ ಎಳೆದಳು ಅಷ್ಟೆ. 400 ಗಜ ದೂರದಲ್ಲಿ ಗುಂಡು ಬಿದ್ದದ್ದು ನಡುವಿನಿಂದ ಒಂದೂಕಾಲು ಇಂಚು ಆಚೆ.

ಗಟ್ಟಿ ಮಾಡುವುದು ಹೇಗೆ? ತವರ ಬೆರೆಸಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ಅದೇ ತವರ. 1871ರ ಮಾರ್ಟಿನಿ ಹೆನ್ರಿ ರೈಫಲ್‌ನ ಗುಂಡಿನಲ್ಲಿ 12 ಪಾಲು ಸೀಸಕ್ಕೆ 1 ಪಾಲು ತವರ, ಮೇಲೆ ಕಾಗದ. ತೂಕ 31 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ಕರಿಮದ್ದಿನ ಕಾಲಕ್ಕೆ ಇದು ಬೇಕಾದಷ್ಟಾಯಿತು.

ತಾಮ್ರದ ಅಂಗಿ

1884ರಲ್ಲಿ ಫ್ರಾನ್ಸ್‌ನ ಪಾಲ್ ವಿಯೆಯ್ ಹೊಗೆ ಕಡಿಮೆ ಬರುವ ಮದ್ದು ಕಂಡುಹಿಡಿದ. ಗುಂಡಿನ ವೇಗ ಸೆಕೆಂಡಿಗೆ 600 ಮೀಟರ್ ಮುಟ್ಟಿತು. ಈ ವೇಗಕ್ಕೆ ಬರಿ ಸೀಸ ತಡೆಯಲಿಲ್ಲ. ಗೀರು ಹಿಡಿಯುವ ಬದಲು ಕೆಸರು ದಾರಿಯಲ್ಲಿ ಬೈಕ್ ಜಾರಿದಂತೆ ಜಾರಿತು, ನಳಿಗೆ ತುಂಬ ಸೀಸ. ಇದಕ್ಕೆ ಸ್ವಿಟ್ಜರ್ಲೆಂಡಿನ ಎಡುವಾರ್ಡ್ ರೂಬಿನ್ 1882ರಲ್ಲೇ ಉಪಾಯ ಮಾಡಿದ್ದ. ಸೀಸದ ಗುಂಡಿಗೆ ತಾಮ್ರದ ತೆಳು ಅಂಗಿ. ಕೆಲವೇ ವರ್ಷಗಳಲ್ಲಿ ಜಗತ್ತಿನ ಸೈನ್ಯಗಳೆಲ್ಲ ಅಂಗಿ ತೊಟ್ಟ ಗುಂಡಿಗೆ ಬದಲಾದವು.

ಇಲ್ಲಿ ಮತ್ತೆ ದಮ್‌ದಮ್ ಬರುತ್ತದೆ. 1890ರ ದಶಕದಲ್ಲಿ ಅಲ್ಲಿನ ಕಾರ್ಖಾನೆ ಅಂಗಿಯ ಮೂತಿ ತೆರೆದು ಸೀಸ ಕಾಣುವ ಗುಂಡು ಮಾಡಿತು. ಮೈಗೆ ಹೊಕ್ಕರೆ ಹೂವಿನಂತೆ ಅರಳಿ ಘೋರ ಗಾಯ ಮಾಡುತ್ತಿತ್ತು. 1899ರ ಹೇಗ್ ಸಮ್ಮೇಳನ ಇಂಥ ಗುಂಡನ್ನು ಯುದ್ಧದಲ್ಲಿ ಬಳಸಬಾರದು ಎಂದಿತು. ಒಂದೇ ಊರಿನ ಹೆಸರು ಎರಡು ಸಲ ಇತಿಹಾಸಕ್ಕೆ ಸೇರಿತು, ಎರಡು ಸಲವೂ ಗುಂಡಿನಿಂದಲೇ.

ಗುಂಡಿನ ಬುಡ ನೋಡಿದ ಡಾಕ್ಟರ್

ಸೈನ್ಯ ಬಿಟ್ಟ ಸೀಸದ ಗುಂಡನ್ನು ಜನ ಬಿಡಲಿಲ್ಲ. ಅಂಗಿ ಗುಂಡಿಗೆ ಕಾರ್ಖಾನೆ ಬೇಕು, ಸೀಸಕ್ಕೆ ಒಲೆ ಸಾಕು. ಅಮೆರಿಕದ ಗುರಿಕಾರರು ಪಂದ್ಯಗಳಿಗೆ ತಮ್ಮ ಗುಂಡು ತಾವೇ ಎರಕ ಹೊಯ್ಯುತ್ತಿದ್ದರು. ಅವರಲ್ಲಿ ಮ್ಯಾಸಚೂಸೆಟ್ಸ್‌ನ ಡಾ. ಫ್ರಾಂಕ್ಲಿನ್ ಮ್ಯಾನ್ ಒಬ್ಬ. ಗುಂಡು ಗುರಿ ತಪ್ಪುವುದು ಯಾಕೆ ಎಂಬ ಒಂದೇ ಪ್ರಶ್ನೆಯ ಹಿಂದೆ ಹಲವು ವರ್ಷ ಕಳೆದ. ಕೈ ನಡುಗಿತು ಎಂಬ ನೆಪ ಉಳಿಯಬಾರದೆಂದು ನೆಲಕ್ಕೆ ಕಾಂಕ್ರೀಟ್ ಕಂಬ ಹೂತು ಅದರ ಮೇಲೆ ನಳಿಗೆ ಕೂರಿಸಿದ. ಗುಂಡುಗಳ ಮೂತಿಯನ್ನು ಬೇಕಂತಲೇ ಕೆಡಿಸಿ ಹೊಡೆದ, ಬುಡವನ್ನು ಕೆಡಿಸಿ ಹೊಡೆದ, ಲೆಕ್ಕ ಬರೆದ. 1909ರಲ್ಲಿ ಪುಸ್ತಕ ಮಾಡಿದ.

ಅವನು ಕಂಡದ್ದು ಎಲ್ಲರನ್ನೂ ಬೆರಗುಗೊಳಿಸಿತು. ಮೂತಿಗೆ ಗಾಯವಾದರೆ ಅಷ್ಟೇನೂ ತೊಂದರೆ ಇಲ್ಲ, ಬುಡಕ್ಕೆ ಗಾಯವಾದರೆ ಗುರಿ ಕೆಡುತ್ತದೆ. ನಳಿಗೆಯಿಂದ ಹೊರಬರುವ ಕೊನೆಯ ಕ್ಷಣದಲ್ಲಿ ಅನಿಲ ಗುಂಡಿನ ಬುಡವನ್ನು ಸುತ್ತಲೂ ಸಮನಾಗಿ ತಳ್ಳಬೇಕು. ಒಂದು ಕಡೆ ಮುಕ್ಕಾಗಿದ್ದರೆ ಅನಿಲ ಅಲ್ಲಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಕೋವಿಗಾರ ಹ್ಯಾರಿ ಪೋಪ್ ಮದ್ದನ್ನು ಹಿಂದಿನಿಂದ ತುಂಬಿದರೂ ಗುಂಡನ್ನು ಮಾತ್ರ ಬಾಯಿಯಿಂದಲೇ ಇಳಿಸುವಂತೆ ರೈಫಲ್ ಮಾಡುತ್ತಿದ್ದದ್ದು ಇದೇ ಕಾರಣಕ್ಕೆ. ಹಾಗೆ ಇಳಿಸಿದರೆ ಗೀರು ಕೊರೆದ ಸೀಸದ ಎಳೆಗಳು ಬುಡದ ಕಡೆ ಚಾಚುವುದಿಲ್ಲ.

ಅದೇ ದಶಕದಲ್ಲಿ ಐಡಿಯಲ್ ಕಂಪನಿಯ ಜಾನ್ ಬಾರ್ಲೋ ಒಂದು ಸಣ್ಣ ವಸ್ತು ತಂದ. ಗುಂಡಿನ ಬುಡಕ್ಕೆ ಮಾತ್ರ ತೊಡಿಸುವ ತಾಮ್ರದ ಪುಟ್ಟ ಟೊಪ್ಪಿ. ಪೂರ್ತಿ ಅಂಗಿ ಬೇಡ, ಬಿಸಿ ತಾಗುವ ಜಾಗಕ್ಕಷ್ಟೇ ರಕ್ಷಣೆ. ಮನೆಯಲ್ಲಿ ಹೊಯ್ದ ಗುಂಡು ಹೊಸ ಮದ್ದಿನ ವೇಗಕ್ಕೆ ಹತ್ತಿರ ಬಂತು.

ಪತ್ರಿಕೆಯ ಸೀಸ

ಪತ್ರಿಕೋದ್ಯಮ ಓದಿದ ನಮಗೆ ಈ ಭಾಗ ಹತ್ತಿರದ್ದು. ಕಂಪ್ಯೂಟರ್ ಬರುವ ಮೊದಲು ಪತ್ರಿಕೆ ಅಚ್ಚಾಗುತ್ತಿದ್ದದ್ದು ಸೀಸದ ಮೊಳೆಗಳಿಂದ. 1886ರಲ್ಲಿ ನ್ಯೂಯಾರ್ಕ್‌ನಲ್ಲಿ ಬಂದ ಲೈನೋಟೈಪ್ ಯಂತ್ರ ಇಡೀ ಸಾಲನ್ನೇ ಸೀಸದಲ್ಲಿ ಎರಕ ಹೊಯ್ಯುತ್ತಿತ್ತು. ಆ ಲೋಹದಲ್ಲಿ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ಅಕ್ಷರದ ಅಂಚು ಚೂಪಾಗಿ ಮೂಡಲು, ಬೇಗ ಸವೆಯದಿರಲು ಈ ಮಿಶ್ರಣ. ಗುಂಡು ಹೊಯ್ಯುವವರಿಗೂ ಬೇಕಾದದ್ದು ಇದೇ, ಚೂಪು ಅಂಚು ಮತ್ತು ಗಟ್ಟಿತನ. ಅಮೆರಿಕದಲ್ಲಿ ಪತ್ರಿಕೆಗಳು ಆಫ್‌ಸೆಟ್‌ಗೆ ಬದಲಾದಾಗ ಹಳೆಯ ಅಚ್ಚುಕೂಟದ ಲೋಹವನ್ನು ಗುರಿಕಾರರು ಕೊಂಡುಕೊಂಡರು. ಸುದ್ದಿ ಅಚ್ಚು ಹಾಕಿದ ಸೀಸ ಗುಂಡಾಯಿತು.

ಗಟ್ಟಿಯಾದಷ್ಟೂ ಒಳ್ಳೆಯದು ಎಂದು ಬಹಳ ಜನ ನಂಬಿದರು. ಅನುಭವ ಬೇರೆ ಹೇಳಿತು. ತೀರ ಗಟ್ಟಿ ಗುಂಡು ಒತ್ತಡಕ್ಕೆ ಉಬ್ಬುವುದಿಲ್ಲ. ಅಳತೆ ಸ್ವಲ್ಪ ಕಡಿಮೆ ಇದ್ದರೆ ಸಂದು ಹಾಗೇ ಉಳಿಯುತ್ತದೆ, ಅನಿಲ ನುಗ್ಗುತ್ತದೆ, ಗಟ್ಟಿ ಗುಂಡೇ ನಳಿಗೆಗೆ ಹೆಚ್ಚು ಸೀಸ ಬಳಿಯುತ್ತದೆ. ಮೆತ್ತಗಿದ್ದರೂ ಅಳತೆ ಸರಿಯಿದ್ದ ಗುಂಡು ನಳಿಗೆಯನ್ನು ಶುಚಿಯಾಗಿ ಇಡುತ್ತದೆ. ಗೀರಿನ ಅಗಲಕ್ಕಿಂತ ಗುಂಡು ಒಂದು ಇಂಚಿನ ಸಾವಿರದ ಒಂದೆರಡು ಪಾಲಿನಷ್ಟು ದಪ್ಪ ಇರಬೇಕು ಎಂಬುದು ಅವರು ಕೊನೆಗೆ ಮುಟ್ಟಿದ ಲೆಕ್ಕ. ನಮ್ಮ ತಲೆಕೂದಲಿನ ದಪ್ಪವೂ ಅದಕ್ಕಿಂತ ಹೆಚ್ಚು.

ಸೀಸ ಎಲ್ಲಿ ಹಿಡಿದಿದೆ ಎಂದು ನೋಡಿಯೇ ಕಾರಣ ಹೇಳುವುದನ್ನೂ ಅವರು ಕಲಿತರು. ಮದ್ದಿನ ಕಡೆ ಹಿಡಿದಿದ್ದರೆ ಗುಂಡು ಸಡಿಲ, ಅನಿಲ ಸೋರುತ್ತಿದೆ. ಬಾಯಿಯ ಕಡೆ ಹಿಡಿದಿದ್ದರೆ ಜಿಡ್ಡು ದಾರಿಯಲ್ಲೇ ಮುಗಿದುಹೋಗಿದೆ. ನಾಡಿ ಹಿಡಿದು ನೋಡುವ ವೈದ್ಯರ ಹಾಗೆ.

ಜಿಡ್ಡಿಗಾಗಿ ಏನೇನೋ ಹುಡುಕಿದರು. 20ನೇ ಶತಮಾನದ ನಡುವಿನ ನಂತರ ಅಮೆರಿಕದ ರೈಫಲ್ ಸಂಘದ ತಾಂತ್ರಿಕ ಬರಹಗಾರ ಇ. ಎಚ್. ಹ್ಯಾರಿಸನ್ ಪ್ರಚಾರಕ್ಕೆ ತಂದ ಮಿಶ್ರಣ ಬಹಳ ಹೆಸರಾಯಿತು. ಅರ್ಧ ಪಾಲು ಕಾರ್ಖಾನೆಯ ಆಲಾಕ್ಸ್ ಎಂಬ ಜಿಡ್ಡು, ಅರ್ಧ ಪಾಲು ಜೇನುಮೇಣ. ದಮ್‌ದಮ್ ಸಿಪಾಯಿಗಳ ಮಾತು ನೆನಪಿದೆಯೇ? ಮೇಣ ಮತ್ತು ಎಣ್ಣೆ. ನೂರು ವರ್ಷ ಸುತ್ತಿ ತಂತ್ರಜ್ಞರು ಬಂದು ನಿಂತದ್ದು ಹೆಚ್ಚುಕಡಿಮೆ ಅದೇ ಜಾಗಕ್ಕೆ. ಈಚೆಗೆ ಕೆಲವರು ಗೇಟು, ಕಿಟಕಿಗೆ ಮಾಡುವ ಪೌಡರ್ ಕೋಟಿಂಗನ್ನೇ ಗುಂಡಿಗೂ ಮಾಡುತ್ತಾರೆ. ಬಟ್ಟೆ, ಕಾಗದ, ತಾಮ್ರ, ಈಗ ಬಣ್ಣದ ಪುಡಿ. ಸೀಸಕ್ಕೂ ಉಕ್ಕಿಗೂ ನಡುವೆ ಏನಾದರೊಂದು ಇರಬೇಕು.

ಸೀಸದ ಇನ್ನೊಂದು ಮುಖ

ಸೀಸ ವಿಷ. ಕರಗಿಸುವಾಗ ಏಳುವ ಹೊಗೆ, ಧೂಳು ಮೈಗೆ ಸೇರಿದರೆ ಹೊರಹೋಗಲು ವರ್ಷಗಳು ಬೇಕು. ಮಕ್ಕಳ ಮಿದುಳಿನ ಬೆಳವಣಿಗೆಗೆ ದೊಡ್ಡ ಪೆಟ್ಟು. ಗುಂಡು ಬಿದ್ದ ಪ್ರಾಣಿಯ ಮಾಂಸ ತಿಂದ ಹದ್ದುಗಳೂ ಸಾಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಕಾಂಡೋರ್ ಹದ್ದು ಅಳಿವಿನಂಚಿಗೆ ಬಂದಾಗ ಸೀಸದ ಗುಂಡು ಒಂದು ಮುಖ್ಯ ಕಾರಣ ಎಂದು ಕಂಡುಬಂತು. 2019ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ನಿಷೇಧ. ನಮ್ಮೂರುಗಳಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವವರೂ ಇದನ್ನು ತಿಳಿಯಬೇಕು. ಅಡುಗೆ ಮನೆಯ ಒಲೆ, ಪಾತ್ರೆಗಳಲ್ಲಿ ಸೀಸ ಕರಗಿಸುವುದು ಬೇಡವೇ ಬೇಡ. ಇನ್ನೊಂದು ಮಾತು: ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ನಾವು ಇಲ್ಲಿ ಹೇಳಿದ್ದು ಇತಿಹಾಸ, ಪಾಠ ಅಲ್ಲ.

ಹೊಂದಬೇಕು

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದರು. ಅಲ್ಲಿನ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ಒಂದು ಕಡಲೆಕಾಳಿನಷ್ಟು. ಆ ಪಂದ್ಯದಲ್ಲಿ ಹೊಡೆಯುವುದು ತಾಮ್ರದ ಅಂಗಿಯ ಗುಂಡಲ್ಲ. ಎರಡೂವರೆ ಗ್ರಾಂ ತೂಕದ ಬರಿ ಸೀಸ, ಮೇಲೆ ತೆಳುವಾಗಿ ಜಿಡ್ಡು. ದೊಡ್ಡ ಪಂದ್ಯಗಳ ಗುರಿಕಾರರು ತಮ್ಮ ರೈಫಲ್ಲನ್ನೇ ಗುಂಡಿನ ಕಾರ್ಖಾನೆಗೆ ಒಯ್ದು, ಒಂದೊಂದೇ ತಂಡದ ಗುಂಡು ಹೊಡೆದು ನೋಡಿ, ತಮ್ಮ ನಳಿಗೆಗೆ ಯಾವುದು ಹೊಂದುತ್ತದೆ ಎಂದು ಆರಿಸುತ್ತಾರೆ. ಒಂದೇ ಯಂತ್ರ, ಒಂದೇ ಲೋಹ ಆದರೂ ಒಂದು ತಂಡ ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ.

ಪೆಟ್ಲಿಗೆ ಕಾಯಿ ಆರಿಸುವ ಮಕ್ಕಳೂ ಇದನ್ನೇ ಮಾಡುತ್ತಾರೆ. ಒತ್ತಾಯಕ್ಕೆ ತುರುಕಿದರೆ ಕೊಳವೆ ಸೀಳುತ್ತದೆ. 1857ರಲ್ಲಿ ಒಂದು ಸರ್ಕಾರ ನಳಿಗೆಗೆ ಯಾವ ಗುಂಡು ಹೊಂದುತ್ತದೆ ಎಂದು ಸಾವಿರ ಸಲ ಅಳೆದು ನೋಡಿತ್ತು. ಅದನ್ನು ಹಿಡಿಯುವ ಕೈಗೆ ಯಾವುದು ಹೊಂದುತ್ತದೆ ಎಂದು ಮೊದಲೇ ಒಂದು ಸಲ ಕೇಳಿರಲಿಲ್ಲ.